ಭಾರ ಹೊತ್ತ ಮರಳು

ಅಮೆರಿಕದ ಯೂಟಾ ರಾಜ್ಯದಲ್ಲಿ ಓಡಾಡುವ ಅನೇಕ ಕಾರುಗಳ ನಂಬರ್ ಪ್ಲೇಟಿನ ಮೇಲೆ ಒಂದು ಕೆಂಪು ಕಲ್ಲಿನ ಕಮಾನಿನ ಚಿತ್ರವಿರುತ್ತದೆ. ಅದರ ಹೆಸರು ಡೆಲಿಕೇಟ್ ಆರ್ಚ್. ಕ್ಯಾಲೆಂಡರಿನಲ್ಲೋ ಕಂಪ್ಯೂಟರಿನ ಪರದೆಯಲ್ಲೋ ನೀವೂ ಅದನ್ನು ನೋಡಿರುತ್ತೀರಿ. ಬೋಳು ಬಂಡೆಯ ಅಂಚಿನಲ್ಲಿ ಒಂಟಿಯಾಗಿ ನಿಂತ ಈ ಕಮಾನು ಸುಮಾರು 16 ಮೀಟರ್ ಎತ್ತರವಿದೆ, ಅಂದರೆ ಐದಂತಸ್ತಿನ ಮನೆಯಷ್ಟು. ಎರಡು ಕಾಲುಗಳಲ್ಲಿ ಒಂದರ ನಡು ಎಷ್ಟು ಸಣಕಲಾಗಿದೆಯೆಂದರೆ, ಇವತ್ತೋ ನಾಳೆಯೋ ಮುರಿದೀತು ಎಂದು ನೋಡಿದವರಿಗೆಲ್ಲ ಅನಿಸುತ್ತದೆ.

ಹಾಗೆ ಅನಿಸುವುದಕ್ಕೆ ಕಾರಣವಿದೆ. ಮೇಲಿನ ಭಾರ ಅಷ್ಟೇ ಇದ್ದು ಕಾಲು ಸಣ್ಣಗಾಗುತ್ತ ಹೋದರೆ ಅಲ್ಲಿನ ಒಂದೊಂದು ಅಂಗುಲ ಕಲ್ಲೂ ಹೊರಬೇಕಾದ ಭಾರ ಏರುತ್ತದೆ. ಭಾರ ಏರಿದಲ್ಲಿ ಕಲ್ಲು ಬೇಗ ಪುಡಿಯಾಗಬೇಕು. ಪುಡಿಯಾದರೆ ಕಾಲು ಇನ್ನಷ್ಟು ಸಣ್ಣಗಾಗಬೇಕು. ಈ ಲೆಕ್ಕದಲ್ಲಿ ನಡು ಸವೆದ ಕಂಬಗಳೇ ಎಲ್ಲಕ್ಕಿಂತ ಮೊದಲು ಬಿದ್ದುಹೋಗಿರಬೇಕಿತ್ತು. ಆದರೆ ಬಿದ್ದಿಲ್ಲ. ಡೆಲಿಕೇಟ್ ಆರ್ಚ್ ಇರುವ ಆರ್ಚಸ್ ರಾಷ್ಟ್ರೀಯ ಉದ್ಯಾನವೊಂದರಲ್ಲೇ 2,000ಕ್ಕೂ ಹೆಚ್ಚು ಕಮಾನುಗಳನ್ನು ಗುರುತಿಸಿದ್ದಾರೆ. ಅವುಗಳ ಪಕ್ಕದಲ್ಲಿ ಕುತ್ತಿಗೆ ಸಣ್ಣಗಿದ್ದು ತಲೆ ದಪ್ಪಗಿರುವ ಕಂಬಗಳು, ಗೋಡೆಯಲ್ಲಿ ಗೂಡಿನಂತೆ ಕೊರೆದ ಪೊಟರೆಗಳು. ಸುತ್ತಲಿನ ಕಲ್ಲೆಲ್ಲ ಕರಗಿ ಹೋಗಿದೆ, ಹೆಚ್ಚು ಭಾರ ಹೊತ್ತ ಭಾಗ ಮಾತ್ರ ಉಳಿದಿದೆ.

ಡೆನ್ವರ್, ಸಾಲ್ಟ್ ಲೇಕ್ ಸಿಟಿಗಳ ಕಡೆ ನೆಲೆಸಿದ ನಮ್ಮವರು ಶನಿವಾರ ಭಾನುವಾರ ಸೇರಿಸಿಕೊಂಡು ಈ ಮರಳುಗಾಡಿಗೆ ಬರುವುದುಂಟು. ಸಾಲ್ಟ್ ಲೇಕ್ ಸಿಟಿಯಿಂದ ಉದ್ಯಾನದ ಹತ್ತಿರದ ಮೋಆಬ್ ಎಂಬ ಊರಿಗೆ ಸುಮಾರು 375 ಕಿಲೋಮೀಟರ್, ನಾಲ್ಕು ತಾಸಿನ ದಾರಿ. ಶನಿವಾರ ಕಮಾನುಗಳು, ಭಾನುವಾರ ಕಣಿವೆಗೆ ಇಳಿಯುವ ಮಣ್ಣಿನ ರಸ್ತೆ. ಈ ಅಧ್ಯಾಯವೂ ಅದೇ ದಾರಿ ಹಿಡಿಯುತ್ತದೆ.

ಗಾಳಿಯಲ್ಲ, ನೀರು

ಕಮಾನಿನ ಕೆಳಗೆ ನಿಂತು ಕೇಳಿಸಿಕೊಂಡರೆ ಎಲ್ಲ ಭಾಷೆಯ ಪ್ರವಾಸಿಗರೂ ಮಕ್ಕಳಿಗೆ ಒಂದೇ ಉತ್ತರ ಕೊಡುತ್ತಿರುತ್ತಾರೆ: ಗಾಳಿ ಕೊರೆದದ್ದು. ಮರಳುಗಾಡು ಅಂದಮೇಲೆ ಗಾಳಿ, ಗಾಳಿ ಅಂದಮೇಲೆ ಮರಳು, ಅದು ಉಜ್ಜಿ ಉಜ್ಜಿ ತೂತಾಯಿತು ಎನ್ನುವ ವಿವರಣೆ ಸಲೀಸಾಗಿ ಒಪ್ಪಿಗೆಯಾಗುತ್ತದೆ. ಆದರೆ ಬೀಸುವ ಗಾಳಿ ಮರಳನ್ನು ನೆಲದಿಂದ ಬಹಳ ಮೇಲಕ್ಕೆ ಎತ್ತಲಾರದು. ಹದಿನೈದು ಮೀಟರ್ ಎತ್ತರದಲ್ಲಿ ಕಲ್ಲು ಸವೆಸುವ ಶಕ್ತಿ ಅದಕ್ಕಿಲ್ಲ. ಉದುರಿದ ಕಾಳುಗಳನ್ನು ಗುಡಿಸಿ ಒಯ್ಯುವುದಷ್ಟೇ ಅದರ ಕೆಲಸ.

ಕೊರೆಯುವುದು ನೀರು. ಮೋಆಬಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 230 ಮಿಲಿಮೀಟರ್, ಬೆಂಗಳೂರಿನ ಮಳೆಯ ಕಾಲುಭಾಗದಷ್ಟು. ಅಷ್ಟು ಸಾಕು. ಇಲ್ಲಿನ ಕಲ್ಲು ಮರಳುಗಲ್ಲು. ದಾರಿಬದಿ ಬಿದ್ದಿರುವ ಒಂದು ಚೂರನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿ. ರವೆಗಿಂತ ಸಣ್ಣ, ದುಂಡನೆಯ ಕಾಳುಗಳು ಒತ್ತೊತ್ತಾಗಿ ಕೂತಿರುತ್ತವೆ. ಪ್ರತಿ ಕಾಳಿನ ಮೈಗೂ ತುಕ್ಕಿನ ಬಣ್ಣದ ತೆಳು ಲೇಪ, ಅದೇ ಕಬ್ಬಿಣದ ಕೆಂಪು. ಹೆಬ್ಬೆರಳಿನಿಂದ ಉಜ್ಜಿದರೆ ಒಂದಿಷ್ಟು ಕಾಳು ಕೈಗೇ ಬರುತ್ತದೆ. ಕಾಳುಗಳ ನಡುವೆ ಸುಣ್ಣದಂಶದ ಗಾರೆಯಿದೆ, ಆದರೆ ಬಹಳ ಕಡಿಮೆ. ಮಳೆನೀರು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗಿರುತ್ತದೆ. ಅದು ಕಲ್ಲಿನೊಳಗೆ ಇಳಿದು ಆ ಗಾರೆಯನ್ನು ನಿಧಾನವಾಗಿ ಕರಗಿಸುತ್ತದೆ. ಚಳಿಗಾಲದ ರಾತ್ರಿ ಸಂದಿಯ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಕಾಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಇಷ್ಟರಿಂದ ಕಲ್ಲು ಸವೆಯುವುದು ಅರ್ಥವಾಯಿತು. ಎಲ್ಲ ಕಡೆಯೂ ತಾಗುವ ಮಳೆ, ಎಲ್ಲ ಕಡೆಯೂ ಬೀಳುವ ಹಿಮ ಕಲ್ಲನ್ನು ಗುಂಡಗೆ ಸವೆಸದೆ ಕಮಾನು ಮಾಡಿ ನಿಲ್ಲಿಸುವುದು ಏಕೆ ಎಂಬುದು ಮಾತ್ರ ಅರ್ಥವಾಗಲಿಲ್ಲ.

ಉಪ್ಪು ಎತ್ತಿದ ನೆಲ

ಅದಕ್ಕೂ ಮೊದಲು ಈ ಕಲ್ಲು ಇಲ್ಲಿ ಗೋಡೆ ಗೋಡೆಯಾಗಿ ನಿಂತದ್ದು ಹೇಗೆ ಎಂದು ನೋಡಬೇಕು. ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಸಮುದ್ರವಿತ್ತು. ಅದು ಮತ್ತೆ ಮತ್ತೆ ಒಣಗಿ, ಮತ್ತೆ ಮತ್ತೆ ತುಂಬಿ, ತಳದಲ್ಲಿ ಸಾವಿರಾರು ಅಡಿ ದಪ್ಪದ ಉಪ್ಪು ಉಳಿಯಿತು. ಆಮೇಲೆ ಅದರ ಮೇಲೆ ಹೂಳು, ಮಣ್ಣು, ಮರಳದಿಬ್ಬಗಳು ಪದರ ಪದರವಾಗಿ ಕೂತವು. ಇವತ್ತು ಕಮಾನುಗಳಾಗಿರುವ ಎಂಟ್ರಾಡಾ ಮರಳುಗಲ್ಲು ಆ ಪದರಗಳಲ್ಲಿ ಒಂದು. ಡೈನೊಸಾರ್‌ಗಳ ಕಾಲದ್ದು, ಸುಮಾರು 16 ಕೋಟಿ ವರ್ಷ ಹಳೆಯದು. ಅದರ ಮೇಲೂ ಒಂದು ಕಿಲೋಮೀಟರಿಗಿಂತ ಹೆಚ್ಚು ದಪ್ಪದ ಪದರಗಳು ಬಂದು ಕೂತು, ಕೋಟ್ಯಂತರ ವರ್ಷಗಳ ನಂತರ ಸವೆದು ಹೋಗಿವೆ. ಅಷ್ಟು ಕಾಲ ಅಷ್ಟು ಭಾರದಡಿ ಇದ್ದುದರಿಂದ ಕಾಳು ಕಾಳಿಗೆ ಒತ್ತಿ, ಒಂದರ ಮೈಗೆ ಇನ್ನೊಂದರ ಮೈ ಹೊಂದಿಕೊಂಡಿತು. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಉಪ್ಪಿಗೊಂದು ವಿಚಿತ್ರ ಗುಣವಿದೆ. ಭಾರೀ ಒತ್ತಡದಲ್ಲಿ ಅದು ಕಲ್ಲಿನಂತೆ ಒಡೆಯುವುದಿಲ್ಲ, ಬಹಳ ನಿಧಾನವಾಗಿ ಹರಿಯುತ್ತದೆ. ಮೇಲಿನ ಭಾರ ಎಲ್ಲಿ ಕಡಿಮೆಯೋ ಅಲ್ಲಿಗೆ ಸರಿದು ಉಬ್ಬುತ್ತದೆ. ಹಾಗೆ ಉಬ್ಬಿದ ಉಪ್ಪು ಮೇಲಿನ ಕಲ್ಲಿನ ಪದರವನ್ನು ಬಗ್ಗಿಸಿ ಉದ್ದುದ್ದಕ್ಕೆ ಬಿರುಕು ಬಿಡಿಸಿತು. ಬಿರುಕುಗಳು ಒಂದಕ್ಕೊಂದು ಸಮಾನಾಂತರ, ನಡುವೆ ಕೆಲವೇ ಮೀಟರಿನ ಅಂತರ. ನೀರು ಬಿರುಕುಗಳಿಗೆ ಇಳಿದು ಅವನ್ನು ಅಗಲ ಮಾಡಿತು. ನಡುವೆ ಉಳಿದದ್ದು ಎತ್ತರದ, ತೆಳ್ಳಗಿನ ಕಲ್ಲುಗೋಡೆಗಳ ಸಾಲು. ಇಲ್ಲಿನವರು ಇವನ್ನು ಫಿನ್ ಅನ್ನುತ್ತಾರೆ. ಫೈಯರಿ ಫರ್ನೆಸ್ ಎಂಬ ಜಾಗದಲ್ಲಿ ಈ ಗೋಡೆಗಳ ನಡುವೆ ಮೈ ಅಡ್ಡಮಾಡಿಕೊಂಡು ನುಸುಳಬೇಕಾಗುತ್ತದೆ. ಗೋಡೆಯ ಬುಡದಲ್ಲಿ, ಪದರ ಪದರ ಸೇರುವ ಮೆತ್ತನೆಯ ಗೆರೆಯಲ್ಲಿ ತೇವ ನಿಂತು ಮೊದಲ ಪೊಟರೆ ಬೀಳುತ್ತದೆ. ಅದು ಆಚೆ ಬದಿಗೆ ತೂತಾಯಿತೆಂದರೆ ಕಿಟಕಿ. ಕಿಟಕಿಯ ಬಾಯಿ ಯಾವುದಾದರೊಂದು ದಿಕ್ಕಿನಲ್ಲಿ ಮೂರು ಅಡಿಯಾದರೂ ಇದ್ದರೆ ಉದ್ಯಾನದವರು ಅದನ್ನು ಕಮಾನೆಂದು ಪಟ್ಟಿಗೆ ಸೇರಿಸುತ್ತಾರೆ.

ರಸ್ತೆಯ ಮೇಲಿನ ಅಲೆಗಳು

ಉಬ್ಬಿದ ಉಪ್ಪಿನ ತಲೆಯನ್ನು ಮುಂದೆ ಅಂತರ್ಜಲ ಕರಗಿಸಿತು. ಮೇಲಿನ ನೆಲ ಕುಸಿದು ಉದ್ದನೆಯ ಕಣಿವೆಯಾಯಿತು. ಅದೇ ಸಾಲ್ಟ್ ವ್ಯಾಲಿ, ಅದರ ಉದ್ದಕ್ಕೂ ಒಂದು ಮಣ್ಣಿನ ರಸ್ತೆ. ಟವರ್ ಆರ್ಚ್ ಎಂಬ ದೂರದ ಕಮಾನನ್ನು ನೋಡಬೇಕೆಂದರೆ ಈ ರಸ್ತೆಯಲ್ಲಿ ಹೋಗಬಹುದು. ಡಾಂಬರು ಮುಗಿದು ಸ್ವಲ್ಪ ಹೊತ್ತಿಗೆ ಸ್ಟೀರಿಂಗು ನಡುಗತೊಡಗುತ್ತದೆ, ಹಲ್ಲಿಗೆ ಹಲ್ಲು ತಾಗುತ್ತದೆ. ರಸ್ತೆಯ ಮೇಲೆ ಅಡ್ಡಡ್ಡ ಅಲೆಗಳು, ಯಾರೋ ಅಳತೆಪಟ್ಟಿ ಹಿಡಿದು ಎಳೆದ ಹಾಗೆ. ನಮ್ಮ ಹಳ್ಳಿಗಳ ಮಣ್ಣಿನ ರಸ್ತೆಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು.

ಇದು ಕಮಾನಿನ ಕಥೆಗೆ ಸಂಬಂಧವಿಲ್ಲದ ಮಾತಲ್ಲ. ಇಲ್ಲಿ ರಸ್ತೆಯ ಮರಳೂ ಕಮಾನಿನ ಮರಳೂ ಒಂದೇ ಜಾತಿಯ ಕಾಳುಗಳು. 2007ರಲ್ಲಿ ಟಾಬರ್ಲೆ, ಮಾರಿಸ್, ಮ್ಯಾಕೆಲ್ವೇನ್ ಎಂಬ ಮೂವರು ವಿಜ್ಞಾನಿಗಳು ತಿರುಗುವ ದುಂಡು ಮೇಜಿನ ಮೇಲೆ ಮರಳು ಹರಡಿ ಅದರ ಮೇಲೆ ಒಂದು ಚಕ್ರ ಉರುಳಿಸಿ ಪರೀಕ್ಷೆ ಮಾಡಿದರು. ಚಕ್ರ ಬಹಳ ನಿಧಾನವಾಗಿದ್ದರೆ ಮರಳು ಸಪಾಟಾಗಿಯೇ ಇರುತ್ತಿತ್ತು. ಒಂದು ವೇಗ ದಾಟಿದೊಡನೆ ಅಲೆಗಳು ತಾವಾಗಿ ಏಳುತ್ತಿದ್ದವು. ಗಾಡಿಯ ಸ್ಪ್ರಿಂಗೇ ಇದಕ್ಕೆ ಕಾರಣ ಎಂದು ಬಹಳ ಜನ ನಂಬಿದ್ದರು. ಸ್ಪ್ರಿಂಗು ತೆಗೆದರೂ ಅಲೆ ಬಂತು. ವೇಗದ ಚಕ್ರ ಒಂದು ಸಣ್ಣ ಉಬ್ಬಿಗೆ ತಾಗಿ ತುಸು ಮೇಲೇಳುತ್ತದೆ, ಅದರಾಚೆ ಬಿದ್ದು ಮರಳನ್ನು ಕುಕ್ಕುತ್ತದೆ, ಕುಕ್ಕಿದ ಮರಳು ಮುಂದಕ್ಕೆ ತಳ್ಳಿಸಿಕೊಂಡು ಇನ್ನೊಂದು ಉಬ್ಬಾಗುತ್ತದೆ. ಮುಂದಿನ ಗಾಡಿ ಅದಕ್ಕೇ ಎಡವುತ್ತದೆ. ಉಬ್ಬು ಉಬ್ಬನ್ನು ಬೆಳೆಸುತ್ತದೆ. ಇದನ್ನು ಬೆಳೆಸುವ ಸುತ್ತು ಎನ್ನೋಣ.

ರಸ್ತೆಯ ಮೇಲ್ಮೈಯ ಮರಳಿನ ತಲೆಯ ಮೇಲೆ ಯಾವ ಭಾರವೂ ಇಲ್ಲ. ಚಕ್ರ ಬಂದಾಗ ಒಂದು ಕ್ಷಣ ಒತ್ತುತ್ತದೆ, ಹೋಗುತ್ತದೆ. ಬಿಡಿ ಕಾಳು ತಳ್ಳಿದ ಕಡೆಗೆ ಹೋಗುತ್ತದೆ. ತಲೆಯ ಮೇಲೆ ನೂರಾರು ಟನ್ ಭಾರ ಬಿಡದೆ ಕೂತಿದ್ದರೆ ಅದೇ ಕಾಳು ಏನು ಮಾಡುತ್ತದೆ?

ಚೊಂಬಿನ ಅಕ್ಕಿ

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಕುತ್ತಿಗೆ ಸಣ್ಣಗಿರುವ ಒಂದು ಚೊಂಬಿಗೆ ಕಂಠಮಟ್ಟ ಅಕ್ಕಿ ತುಂಬಿ. ಅದರೊಳಗೆ ಒಂದು ಉದ್ದನೆಯ ಚಾಕು ಇಳಿಸಿ ಎತ್ತಿ, ಚಾಕು ಸಲೀಸಾಗಿ ಹೊರಗೆ ಬರುತ್ತದೆ. ಈಗ ಚೊಂಬನ್ನು ನೆಲಕ್ಕೆ ಕುಟ್ಟಿ ಅಕ್ಕಿಯನ್ನು ಜಗ್ಗಿಸಿ, ಮೇಲಿಂದ ಅಂಗೈಯಲ್ಲಿ ಅದುಮಿ, ಚಾಕುವನ್ನು ಮತ್ತೆ ಮತ್ತೆ ಚುಚ್ಚಿ. ಪ್ರತಿ ಸಲವೂ ಅಕ್ಕಿ ಇನ್ನಷ್ಟು ಬಿಗಿಯಾಗುತ್ತದೆ. ಕೊನೆಗೊಮ್ಮೆ ಚಾಕು ಎತ್ತಿದರೆ ಅಕ್ಕಿ ತುಂಬಿದ ಚೊಂಬೇ ಅದರ ಜೊತೆ ಮೇಲೇಳುತ್ತದೆ. ಅಂಟು ಹಾಕಿಲ್ಲ, ನೀರು ಹಾಕಿಲ್ಲ. ಕಾಳುಗಳು ಒಂದನ್ನೊಂದು ಒತ್ತುತ್ತಿವೆ, ಅಷ್ಟೇ. ಒತ್ತಡ ಹೆಚ್ಚಾದಷ್ಟೂ ಕಾಳಿನ ಮೇಲೆ ಕಾಳು ಜಾರುವುದು ಕಷ್ಟವಾಗುತ್ತದೆ. ಚೊಂಬನ್ನು ಕವುಚಿ ಒತ್ತಡ ಸಡಿಲಿಸಿದರೆ ಅದೇ ಅಕ್ಕಿ ಸುರಿದುಹೋಗುತ್ತದೆ.

ಕಾಳಿನ ರಾಶಿ ಹರಿಯುವ ವಸ್ತುವೋ ಗಟ್ಟಿ ವಸ್ತುವೋ ಎಂಬುದನ್ನು ಅದರ ಮೇಲಿನ ಒತ್ತಡ ತೀರ್ಮಾನಿಸುತ್ತದೆ. ಕಮಾನಿನ ಗುಟ್ಟೂ ಇದೇ. ಇದನ್ನು ತೋರಿಸಿಕೊಟ್ಟದ್ದು ಯೂಟಾದಿಂದ ಬಹಳ ದೂರದ, ಮರಳುಗಾಡಿನ ಸುಳಿವೂ ಇಲ್ಲದ ಒಂದು ದೇಶದಲ್ಲಿ.

ಜೆಕ್ ದೇಶದ ಮರಳು ಗಣಿ

ಜೆಕ್ ಗಣರಾಜ್ಯದಲ್ಲಿ ಸ್ಟ್ರೆಲೆಚ್ ಎಂಬಲ್ಲಿ ಮರಳಿನ ಗಣಿಯೊಂದಿದೆ. ಅಲ್ಲಿನ ಮರಳಿನಲ್ಲಿ ಗಾರೆ ಇಲ್ಲವೆನ್ನುವಷ್ಟು ಕಡಿಮೆ. ಒಂದು ಚೂರನ್ನು ನೀರಿಗೆ ಹಾಕಿದರೆ ಕಾಳು ಕಾಳಾಗಿ ಬಿಚ್ಚಿಕೊಂಡು ತಳಕ್ಕೆ ಕೂರುತ್ತದೆ. ಆದರೆ ಅದೇ ಮರಳು ಗಣಿಯಲ್ಲಿ ಕಡಿದಾದ ಗೋಡೆಯಾಗಿ ನಿಂತಿದೆ, ಅದನ್ನು ಅಗೆಯಲು ಸಿಡಿಮದ್ದು ಇಡಬೇಕಾಗುತ್ತದೆ. ಇಂಥ ಮರಳನ್ನು ನಾವು ಬಿಗಿಮರಳು ಎಂದು ಕರೆಯೋಣ. ಕಾಳುಗಳು ಕೋಟ್ಯಂತರ ವರ್ಷ ಒತ್ತಿಸಿಕೊಂಡು ಒಂದರ ಮೈಗೆ ಒಂದು ಹೊಂದಿ ಕೂತ ಮರಳು ಇದು.

ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಯಿರ್ಜಿ ಬ್ರುಥಾನ್ಸ್ ಅವರ ಕಣ್ಣಿಗೆ ಬಿದ್ದದ್ದು ಈ ವಿರೋಧಾಭಾಸ. ಅವರ ತಂಡದಲ್ಲಿ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಅಲನ್ ಮೇಯೊ ಕೂಡ ಇದ್ದರು. ಅವರ ಪ್ರಯೋಗ ಎಷ್ಟು ಸರಳವೆಂದರೆ, ಇಷ್ಟು ದಿನ ಯಾರೂ ಮಾಡಿರಲಿಲ್ಲವೇ ಎಂದು ಆಶ್ಚರ್ಯವಾಗುತ್ತದೆ. ಬಿಗಿಮರಳಿನಿಂದ ಚೌಕಾಕಾರದ ಗಟ್ಟಿಗಳನ್ನು ಕತ್ತರಿಸಿಕೊಂಡರು. ಗಟ್ಟಿಯ ಮೇಲೆ ಭಾರ ಹೇರಿದರು. ಆಮೇಲೆ ಅದನ್ನು ನೀರಿಗೆ ಒಡ್ಡಿದರು.

ಬದಿಗಳಿಂದ ಕಾಳು ಉದುರತೊಡಗಿತು. ಗಟ್ಟಿ ಸಣ್ಣಗಾಯಿತು. ಭಾರ ಅಷ್ಟೇ ಇದ್ದು ಗಟ್ಟಿ ಸಣ್ಣಗಾದ್ದರಿಂದ ಉಳಿದ ಕಾಳುಗಳ ಮೇಲಿನ ಒತ್ತಡ ಏರುತ್ತ ಹೋಯಿತು. ಹಳೆಯ ಲೆಕ್ಕದ ಪ್ರಕಾರ ಸವೆತ ಇನ್ನೂ ಜೋರಾಗಿ ಗಟ್ಟಿ ಕುಸಿದುಬೀಳಬೇಕಿತ್ತು. ಆದದ್ದೇ ಬೇರೆ. ಒತ್ತಡ ಒಂದು ಮಟ್ಟ ಮುಟ್ಟಿದೊಡನೆ ಉದುರುವುದು ನಿಂತುಹೋಯಿತು. ನೀರು ಅಲ್ಲೇ ಇತ್ತು, ಮರಳೂ ಅದೇ, ಆದರೆ ಉಳಿದ ನಡುಗಂಬದ ಕಾಳುಗಳು ಬಂಡೆಯಂತೆ ಬಿಗಿದುಕೊಂಡಿದ್ದವು. ಗಟ್ಟಿ ಹೋಗಿ, ನಡು ಸಣ್ಣಗಾದ ಒಂದು ಕಂಬ ನಿಂತಿತ್ತು.

ಅಲ್ಲಿಗೇ ಬಿಡಲಿಲ್ಲ. ನಿಜವಾದ ಬಂಡೆಗಳಲ್ಲಿ ಪದರದ ಗೆರೆಗಳಿರುತ್ತವೆ, ಬಿರುಕುಗಳಿರುತ್ತವೆ. ಭಾರ ಅವನ್ನು ದಾಟಿ ನೇರವಾಗಿ ಇಳಿಯಲಾರದು, ಸುತ್ತಿ ಬಳಸಿ ಇಳಿಯುತ್ತದೆ. ಗಟ್ಟಿಯಲ್ಲಿ ಅಂಥ ಸೀಳುಗಳಿದ್ದಾಗ ನೀರು ಬೇರೆ ಬೇರೆ ಆಕಾರಗಳನ್ನು ಬಿಟ್ಟಿತು. ಒಂದು ಕಡೆ ಕಮಾನು, ಇನ್ನೊಂದು ಕಡೆ ಪೊಟರೆ, ಮತ್ತೊಂದು ಕಡೆ ಸಾಲುಗಂಬಗಳು. ಮರಳುಗಾಡಿನ ಅಷ್ಟೂ ಶಿಲ್ಪ ಪ್ರಯೋಗಶಾಲೆಯ ಮೇಜಿನ ಮೇಲೆ ಮೂಡಿತು. ಕಂಪ್ಯೂಟರಿನಲ್ಲಿ ಭಾರ ಹರಿಯುವ ದಾರಿಯನ್ನು ಲೆಕ್ಕ ಹಾಕಿ ನೋಡಿದಾಗ, ಭಾರ ಹೆಚ್ಚಾಗಿ ಹಾಯುವ ಜಾಗ ಉಳಿಯುತ್ತದೆ, ಭಾರ ತಲುಪದ ಜಾಗ ಉದುರುತ್ತದೆ ಎಂಬುದು ಸ್ಪಷ್ಟವಾಯಿತು. 2014ರಲ್ಲಿ ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಭಾರ ಎಂದರೆ ಕಲ್ಲಿನ ಶತ್ರು ಎಂದೇ ಅಲ್ಲಿಯವರೆಗೆ ನಂಬಿದ್ದೆವು. ಭಾರ ಕಲ್ಲನ್ನು ಕಾಯುತ್ತದೆ ಎಂದು ಈ ತಂಡ ತೋರಿಸಿತು. ನನ್ನ ಮಟ್ಟಿಗೆ ಇತ್ತೀಚಿನ ಭೂವಿಜ್ಞಾನದ ಅತ್ಯಂತ ಚೆಂದದ ಪ್ರಯೋಗಗಳಲ್ಲಿ ಇದೂ ಒಂದು. ದೊಡ್ಡ ಯಂತ್ರವಿಲ್ಲದೆ, ಕಷ್ಟದ ಗಣಿತವಿಲ್ಲದೆ, ಒಂದು ತಲೆಕೆಳಗಾದ ನಂಬಿಕೆಯನ್ನು ಅದು ನೆಟ್ಟಗೆ ನಿಲ್ಲಿಸಿತು.

ರಸ್ತೆಯಲ್ಲಿ ಕಂಡದ್ದು ಬೆಳೆಸುವ ಸುತ್ತು, ಇದು ತಡೆಯುವ ಸುತ್ತು. ಸವೆತ ಒತ್ತಡವನ್ನು ಏರಿಸುತ್ತದೆ, ಏರಿದ ಒತ್ತಡ ಸವೆತವನ್ನು ನಿಲ್ಲಿಸುತ್ತದೆ.

ಈಗ ಕಮಾನನ್ನು ನೋಡಿ

ಕಲ್ಲುಗೋಡೆಯ ಬುಡದಲ್ಲಿ ಒಂದು ಪೊಟರೆ ಬಿದ್ದಿತು ಎನ್ನಿ. ಗೋಡೆಯ ಭಾರ ಇನ್ನು ಅದರ ಮೂಲಕ ನೆಲಕ್ಕೆ ಇಳಿಯಲಾರದು, ಎಡಕ್ಕೂ ಬಲಕ್ಕೂ ಬಾಗಿ ಎರಡು ಬದಿಗಳಿಂದ ಇಳಿಯುತ್ತದೆ. ಪೊಟರೆಯ ನೆತ್ತಿಯ ಮೇಲಿರುವ ಕಲ್ಲಿಗೆ ಈಗ ಮಾಡಲು ಕೆಲಸವಿಲ್ಲ. ಅದರ ಕಾಳುಗಳನ್ನು ಯಾರೂ ಒತ್ತಿ ಹಿಡಿದಿಲ್ಲ. ಮಳೆ ಬಂದಾಗ, ಹಿಮ ಕರಗಿದಾಗ ಅವು ಉದುರುತ್ತವೆ. ಪೊಟರೆ ಮೇಲಕ್ಕೆ ಬೆಳೆಯುತ್ತದೆ. ಹೀಗೆ ಬೆಳೆಯುತ್ತ ಬೆಳೆಯುತ್ತ ಭಾರ ಬಾಗಿ ಇಳಿಯುವ ದಾರಿಯನ್ನು ಮುಟ್ಟುತ್ತದೆ. ಅಲ್ಲಿ ಕಾಳುಗಳು ಬಿಗಿಯಾಗಿವೆ, ಸವೆತ ನಿಧಾನವಾಗುತ್ತದೆ. ಭಾರ ಇಳಿಯುವ ಆ ಬಾಗುದಾರಿಯೇ ಕಮಾನಿನ ಆಕಾರ. ಗಾರೆಕೆಲಸದವರು ಕಲ್ಲಿನ ಮೇಲೆ ಕಲ್ಲಿಟ್ಟು ಅದೇ ಬಾಗನ್ನು ಕಟ್ಟುತ್ತಾರೆ. ಇಲ್ಲಿ ಅದು ಬೇಡವಾದದ್ದನ್ನು ಕಳೆದು ಉಳಿದದ್ದು.

ಪಾರ್ಕಿನ ಮುಖ್ಯ ರಸ್ತೆಯ ಪಕ್ಕದಲ್ಲೇ ಬ್ಯಾಲೆನ್ಸ್ಡ್ ರಾಕ್ ಇದೆ. ನೆಲದಿಂದ ತುದಿಗೆ 39 ಮೀಟರ್, ಮೇಲೆ ಕೂತ ಬಂಡೆಯ ತೂಕ ಸುಮಾರು 3,600 ಟನ್. ಕುತ್ತಿಗೆ ಮೆತ್ತನೆಯ ಕೆಸರುಗಲ್ಲಿನದು. ಮೇಲಿನ ಗಟ್ಟಿ ಬಂಡೆ ಛತ್ರಿಯ ಹಾಗೆ ಮಳೆ ತಡೆದು ಕುತ್ತಿಗೆಯನ್ನು ಉಳಿಸಿದೆ ಎಂದು ಪುಸ್ತಕಗಳು ಹೇಳುತ್ತ ಬಂದಿವೆ. ಅದು ಸುಳ್ಳಲ್ಲ. ಇಂಥ ಕಂಬಗಳಲ್ಲಿ ಮೇಲಿನ ಬಂಡೆ ಮಳೆ ತಡೆಯುವುದರ ಜೊತೆಗೆ ಕುತ್ತಿಗೆಯನ್ನು ಒತ್ತಿ ಹಿಡಿಯುವ ಕೆಲಸವನ್ನೂ ಮಾಡುತ್ತದೆ ಎಂಬುದು ಹೊಸ ತಿಳಿವು. ಬ್ಯಾಲೆನ್ಸ್ಡ್ ರಾಕಿನ ಪಕ್ಕದಲ್ಲಿ ಇಂಥದೇ ಒಂದು ಚಿಕ್ಕ ಬಂಡೆಯೂ ಇತ್ತು. 1975-76ರ ಚಳಿಗಾಲದಲ್ಲಿ ಅದು ಉರುಳಿತು.

ನಮ್ಮ ಬಾದಾಮಿಯ ಹತ್ತಿರದ ಸಿಡ್ಲಫಡಿಯಲ್ಲೂ ಮರಳುಗಲ್ಲಿನ ಸಹಜ ಕಮಾನಿದೆ, ಅದರಡಿ ಆದಿಮಾನವರ ಚಿತ್ರಗಳಿವೆ. ಆದರೆ ಬಾದಾಮಿಯ ಕಲ್ಲು ಎಂಟ್ರಾಡಾಗಿಂತ ಎಷ್ಟೋ ಹಳೆಯದು, ಕಾಳುಗಳ ನಡುವಿನ ಗಾರೆಯೂ ಬಹಳ ಗಟ್ಟಿ. ಹಾಗಾಗಿ ಅಲ್ಲಿ ಭಾರಕ್ಕಿಂತ ಬಿರುಕುಗಳ ಪಾತ್ರ ದೊಡ್ಡದಿರಬಹುದು.

ಹಾಗಾದರೆ ಬೀಳುವುದೇಕೆ?

ತಡೆಯುವ ಸುತ್ತು ಕಲ್ಲನ್ನು ಅಮರವಾಗಿಸುವುದಿಲ್ಲ. 1991ರ ಸೆಪ್ಟೆಂಬರ್ 1ರಂದು ಆರ್ಚಸ್ ಉದ್ಯಾನದ ಲ್ಯಾಂಡ್‌ಸ್ಕೇಪ್ ಆರ್ಚಿನ ತಳಭಾಗದಿಂದ 18 ಮೀಟರ್ ಉದ್ದದ ಹಲಗೆಬಂಡೆಯೊಂದು ಕಳಚಿ ಬಿತ್ತು. ಕೆಳಗೆ ನಿಂತಿದ್ದ ಪ್ರವಾಸಿಗರು ಚಟಚಟ ಸದ್ದು ಕೇಳಿ ಓಡಿ ಪಾರಾದರು. ಈ ಕಮಾನಿನ ಒಂದು ಬುಡದಿಂದ ಇನ್ನೊಂದಕ್ಕೆ ಸುಮಾರು 90 ಮೀಟರ್. ತೀರಾ ತೆಳುವಾದ ಜಾಗದಲ್ಲಿ ಅದರ ದಪ್ಪ ಎರಡು ಮೀಟರೂ ಇಲ್ಲ. ಅದರಡಿಯ ಕಾಲುದಾರಿಯನ್ನು ಆಮೇಲೆ ಮುಚ್ಚಿದರು. 2008ರ ಆಗಸ್ಟಿನಲ್ಲಿ ಅದೇ ಉದ್ಯಾನದ ವಾಲ್ ಆರ್ಚ್ ರಾತ್ರೋರಾತ್ರಿ ಪೂರ್ತಿ ಕುಸಿಯಿತು.

ಮರಳುಗಲ್ಲು ಅದುಮಿದರೆ ಬಲವಾಗುತ್ತದೆ, ಎಳೆದರೆ ಸುಲಭವಾಗಿ ಬಿರಿಯುತ್ತದೆ. ಕಮಾನು ಉದ್ದವಾಗಿ ಚಪ್ಪಟೆಯಾಗಿದ್ದರೆ ಅದರ ಹೊಟ್ಟೆಯ ಭಾಗದಲ್ಲಿ ಎಳೆತ ಹುಟ್ಟುತ್ತದೆ, ಅಲ್ಲಿ ಕಾಳುಗಳನ್ನು ಒತ್ತಿ ಹಿಡಿಯುವ ಕೈಯಿಲ್ಲ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಹುಟ್ಟಿದ ಬಿರುಕು ಒಳಕ್ಕೆ ಇಳಿಯಿತೆಂದರೆ ಕಾಳು ಉದುರುವ ಮಾತು ಮುಗಿಯಿತು, ತುಂಡುಗಳೇ ಬೀಳುತ್ತವೆ. ಯೂಟಾ ವಿಶ್ವವಿದ್ಯಾಲಯದ ಜೆಫ್ ಮೂರ್ ಅವರ ತಂಡ ಕಮಾನುಗಳ ಮೈಗೆ ಭೂಕಂಪಮಾಪಕಗಳನ್ನಿಟ್ಟು ಅವು ಸದಾ ಮಿಡಿಯುತ್ತಿರುವುದನ್ನು ದಾಖಲಿಸಿದೆ. ಆ ಕಂಪನ ನಮ್ಮ ಕಿವಿಗೆ ಕೇಳದಷ್ಟು ನಿಧಾನ. ವೇಗ ಹೆಚ್ಚಿಸಿ ನುಡಿಸಿದರೆ ಒಂದೊಂದು ಕಮಾನಿಗೂ ಒಂದೊಂದು ದನಿ. ಒಳಗೆ ಬಿರುಕು ಬೆಳೆದರೆ ದನಿ ಬದಲಾಗುತ್ತದೆ, ಹಾಗಾಗಿ ಬಂಡೆಗೆ ಒಂದು ಮೊಳೆಯನ್ನೂ ಹೊಡೆಯದೆ ಅದರ ಆರೋಗ್ಯ ನೋಡಬಹುದು. 1950ರ ದಶಕದಲ್ಲಿ ಡೆಲಿಕೇಟ್ ಆರ್ಚಿಗೆ ಪಾರದರ್ಶಕ ಪ್ಲಾಸ್ಟಿಕ್ ಲೇಪ ಬಳಿದು ಉಳಿಸುವ ಯೋಚನೆ ನಡೆದಿತ್ತು, ಆಮೇಲೆ ಕೈಬಿಟ್ಟರು. ಕೈಬಿಟ್ಟದ್ದೇ ಒಳ್ಳೆಯದಾಯಿತು. ಸಣ್ಣಗಾದ ಕಾಲಿಗೆ ತನ್ನ ರಕ್ಷಣೆ ಗೊತ್ತಿತ್ತು.

ಕಣಿವೆಗೆ ಇಳಿಯುವ ದಾರಿ

ಭಾನುವಾರದ ದಾರಿ ಮೋಆಬಿನ ಪಶ್ಚಿಮಕ್ಕೆ, ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನಕ್ಕೆ. ಶೇಫರ್ ಟ್ರೇಲ್ ಎಂಬ ಮಣ್ಣಿನ ರಸ್ತೆ ಬಂಡೆಯ ಗೋಡೆಗೆ ಅಂಟಿಕೊಂಡು ಹಿಮ್ಮುರಿ ತಿರುವುಗಳಲ್ಲಿ ಕೆಳಗಿಳಿಯುತ್ತದೆ. ಕೆಳಗೆ ವೈಟ್ ರಿಮ್ ರಸ್ತೆ, 160 ಕಿಲೋಮೀಟರ್ ಉದ್ದ. 1950ರ ದಶಕದಲ್ಲಿ ಯುರೇನಿಯಂ ಹುಡುಕುವವರಿಗಾಗಿ ಅಮೆರಿಕದ ಅಣುಶಕ್ತಿ ಆಯೋಗ ಮಾಡಿಸಿದ್ದು. ಒಂದು ಕಡೆ ಕೊಲೊರಾಡೊ ನದಿಯ ದಂಡೆಯಲ್ಲಿ ಕೆಂಪು ನೆಲದ ನಡುವೆ ಕಣ್ಣು ಕೋರೈಸುವ ನೀಲಿ ಕೊಳಗಳು ಕಾಣಿಸುತ್ತವೆ. ಅವು ಪೊಟ್ಯಾಷ್ ಗೊಬ್ಬರದ ಕೊಳಗಳು. ನದಿಯ ನೀರನ್ನು ಆಳಕ್ಕೆ ಇಳಿಸಿ, ಹಳೆಯ ಸಮುದ್ರದ ಉಪ್ಪನ್ನು ಕರಗಿಸಿ ಮೇಲೆತ್ತಿ ಬಿಸಿಲಿಗೆ ಒಣಗಿಸುತ್ತಾರೆ. ಬೇಗ ಒಣಗಲೆಂದು ನೀಲಿ ಬಣ್ಣ ಬೆರೆಸುತ್ತಾರೆ. ಕಮಾನುಗಳ ನೆಲವನ್ನು ಎತ್ತಿದ ಉಪ್ಪು ಹೀಗೆ ಹೊಲಕ್ಕೂ ಹೋಗುತ್ತದೆ.

ಗಾಡಿ ನಿಲ್ಲಿಸಿ ಇಳಿದಾಗ ನೆಲವನ್ನೂ ಒಮ್ಮೆ ಕೂತು ನೋಡಿ. ಪೊದೆಗಳ ನಡುವೆ ಕಪ್ಪಗೆ ಗಂಟುಗಂಟಾದ ಒಂದು ಹೊರಪದರ ಕಾಣುತ್ತದೆ. ಅದು ಜೀವಂತವಾಗಿದೆ. ಸೈನೊಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿಗಳು ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳನ್ನು ಮರಳಿನೊಳಗೆ ಹಾಯಿಸಿ ಕಾಳುಗಳನ್ನು ಹೊಲಿದಿಟ್ಟಿವೆ. ಜೊತೆಗೆ ಕಲ್ಲುಹೂವು, ಪಾಚಿ. ಗೋಡೆಯೊಳಗಿನ ಮರಳನ್ನು ಹಿಡಿದಿಡಲು ಭಾರವಿದೆ. ಬಯಲಿನ ಮರಳಿಗೆ ಅದಿಲ್ಲ, ಅದನ್ನು ಹಿಡಿದಿಟ್ಟಿರುವುದು ಈ ಎಳೆಗಳು ಮಾತ್ರ. ಅವು ಗಾಳಿಗೆ ಮಣ್ಣು ಹಾರದಂತೆ ತಡೆಯುತ್ತವೆ, ಗಿಡಗಳಿಗೆ ಸಾರಜನಕ ಒದಗಿಸುತ್ತವೆ. ಒಂದು ಹೆಜ್ಜೆ ಬಿದ್ದರೆ ಎಳೆಗಳು ತುಂಡಾಗುತ್ತವೆ. ಮೊದಲಿನಂತಾಗಲು ಹತ್ತಾರು ವರ್ಷ ಬೇಕು.

ಮೋಆಬಿನ ಪಶ್ಚಿಮಕ್ಕಿರುವ ಗಾಬ್ಲಿನ್ ವ್ಯಾಲಿಯಲ್ಲಿ 2013ರಲ್ಲಿ ಪ್ರವಾಸಿಗರು ಕಂಬದ ಮೇಲಿನ ಬಂಡೆಯೊಂದನ್ನು ತಳ್ಳಿ ಉರುಳಿಸಿದರು. ಅದರ ವಿಡಿಯೊ ಲೋಕವೆಲ್ಲ ಹರಡಿ ಮೊಕದ್ದಮೆಯೂ ಆಯಿತು. ಮೇಲಿನ ಬಂಡೆ ಹೋದರೆ ಕೆಳಗಿನ ಕಂಬದ ಭಾರ ಹೋಯಿತು, ಭಾರ ಹೋದರೆ ಅದರ ಕಾಳುಗಳ ಬಿಗಿ ಹೋಯಿತು.

ಈ ಕಡೆ ಹೋಗುವವರಿಗೆ ಇಷ್ಟು ಹೇಳುತ್ತೇನೆ. ವೈಟ್ ರಿಮ್ ರಸ್ತೆಗೆ ಮೊದಲೇ ಅನುಮತಿ ಪಡೆಯಿರಿ. ನೀರು, ಇಂಧನ ಬೇಕಾದ್ದಕ್ಕಿಂತ ಹೆಚ್ಚೇ ಇರಲಿ. ಬಹಳ ಕಡೆ ಫೋನ್ ಸಿಗ್ನಲ್ ಸಿಗದು, ಗಾಡಿ ಎಳೆಸಿಕೊಂಡು ಬರುವ ಖರ್ಚು ಸಾವಿರ ಡಾಲರ್ ದಾಟುವುದುಂಟು. ಮಳೆ ಬಂದ ದಿನ ಸಾಲ್ಟ್ ವ್ಯಾಲಿ ರಸ್ತೆಗೆ ಇಳಿಯಬೇಡಿ, ಅಲ್ಲಿನ ಜೇಡಿಯಲ್ಲಿ ಯಾವ ಗಾಡಿಯೂ ನಡೆಯದು. ಅಲೆ ಎದ್ದ ರಸ್ತೆಯಲ್ಲಿ ನಿಧಾನವಾಗಿ ಹೋಗಿ, ಕುಲುಕಾಟ ತಪ್ಪಿಸಿಕೊಳ್ಳಲು ರಸ್ತೆಯ ಅಂಚು ದಾಟಿ ಗಾಡಿ ಓಡಿಸಬೇಡಿ. ನಡೆಯುವಾಗ ಬೋಳು ಬಂಡೆಯ ಮೇಲೆ ಅಥವಾ ನೀರು ಹರಿದ ಮರಳಿನ ಜಾಡಿನಲ್ಲೇ ಹೆಜ್ಜೆ ಇಡಿ, ಮಕ್ಕಳಿಗೂ ಹಾಗೆಯೇ ಹೇಳಿಕೊಡಿ.